ಸ್ನಾನ ಮಾಡಿಸಿದರೂ ಹೋಗದ ಉಣ್ಣೆ

ಪ್ರಶ್ನೆ: ಬೆಂಗಳೂರಿನಲ್ಲಿ ಮೂರನೇ ಮಹಡಿಯ ಮನೆ ನಮ್ಮದು. ಎಷ್ಟು ಸ್ನಾನ ಮಾಡಿಸಿದರೂ ನಾಯಿಯ ಉಣ್ಣೆ ಹೋಗುತ್ತಿಲ್ಲ, ಗೋಡೆಯ ಮೇಲೂ ಹರಿದಾಡುತ್ತವೆ. ಮಂಗನ ಕಾಯಿಲೆ ಬಂದೀತೇ?

ಉತ್ತರ: ಆ ಭಯ ಬೇಡ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆಯನ್ನು ಮುಖ್ಯವಾಗಿ ಹರಡುವುದು ಕಾಡಿನ ಉಣ್ಣೆ. ನಿಮ್ಮ ಮನೆಯಲ್ಲಿರುವುದು ಬಹುಶಃ ಕಂದು ನಾಯಿ ಉಣ್ಣೆ. ಇದೇನೂ ಸಾಧುವಲ್ಲ: ನಾಯಿಗೆ ಎರ್ಲಿಕಿಯಾ, ಬೇಬಿಸಿಯಾ ಎಂಬ ರಕ್ತದ ಸೋಂಕುಗಳನ್ನು ಅಂಟಿಸುತ್ತದೆ, ಅಪರೂಪಕ್ಕೆ ಮನುಷ್ಯರಿಗೂ ರಿಕೆಟ್ಸಿಯಾ ಜ್ವರ ತರುತ್ತದೆ.

ಸ್ನಾನ ಸೋಲುವುದೇಕೆಂದರೆ, ಉಣ್ಣೆಗಳಲ್ಲಿ ಹೆಚ್ಚಿನವು ನಾಯಿಯ ಮೈಮೇಲೆ ಇರುವುದೇ ಇಲ್ಲ. ರಕ್ತ ಕುಡಿದು ಕೆಳಗುದುರಿದ ಹೆಣ್ಣು ಗೋಡೆಯ ಬಿರುಕು, ಬಾಗಿಲ ಚೌಕಟ್ಟು, ಮಂಚದ ಸಂದಿಯಲ್ಲಿ ಸಾವಿರಾರು ಮೊಟ್ಟೆ ಇಡುತ್ತದೆ. ದೊಡ್ಡ ಉಣ್ಣೆ ತಿಂಗಳುಗಟ್ಟಲೆ ಉಪವಾಸವಿದ್ದೂ ಬದುಕಬಲ್ಲದು. ಆದ್ದರಿಂದ ಎರಡೂ ಕಡೆ ಒಟ್ಟಿಗೆ ಕೆಲಸ ಆಗಬೇಕು. ನಾಯಿಗೆ ಪಶುವೈದ್ಯರಿಂದ ತೂಕಕ್ಕೆ ತಕ್ಕ ಮಾತ್ರೆ: ಅಫಾಕ್ಸೊಲಾನರ್ ತಿಂಗಳಿಗೊಮ್ಮೆ, ಫ್ಲುರಾಲಾನರ್ ಸುಮಾರು 12 ವಾರಕ್ಕೊಮ್ಮೆ. ಫಿಟ್ಸ್ ಬಂದಿದ್ದ ನಾಯಿಯಾದರೆ ಮೊದಲೇ ಹೇಳಿ. ಮನೆಯ ಬಿರುಕುಗಳನ್ನು ವ್ಯಾಕ್ಯೂಮ್ ಮಾಡಿ ಸಿಮೆಂಟ್ ತುಂಬಿಸಿ, ಹಾಸಿಗೆಯನ್ನು ಬಿಸಿನೀರಲ್ಲಿ ಒಗೆಯಿರಿ. ಕೀಟನಾಶಕ ಹೊಡೆಸುವುದಾದರೆ ಒಂದು ಸಲಕ್ಕೆ ಮುಗಿಯದು. ಮೊಟ್ಟೆಗಳು ಉಳಿದು ಮತ್ತೆ ಮರಿಯಾಗುತ್ತವೆ. ಬೆಕ್ಕಿದ್ದರೆ ಪರ್ಮೆಥ್ರಿನ್ ಎಂಬ ಕೀಟನಾಶಕ ಬೇಡವೇ ಬೇಡ, ಅದಕ್ಕೆ ವಿಷ.

ಕಚ್ಚಿಕೊಂಡ ಉಣ್ಣೆಯನ್ನು ಚಿಮುಟದಿಂದ ಚರ್ಮಕ್ಕೆ ಅಂಟಿದಂತೆ ಹಿಡಿದು ನೇರವಾಗಿ ಎಳೆಯಿರಿ. ಬೆರಳಲ್ಲಿ ಹಿಸುಕಬೇಡಿ, ಸೀಮೆಎಣ್ಣೆ, ಬೆಂಕಿಕಡ್ಡಿಯ ಉಪಾಯಗಳೂ ಬೇಡ. ನಾಯಿಗೆ ಜ್ವರ, ಮೂಗಿನಲ್ಲಿ ರಕ್ತ, ಬಿಳಿಚಿದ ಒಸಡು, ಕೆಂಪು ಮೂತ್ರ ಕಂಡರೆ ಅಂದೇ ರಕ್ತ ಪರೀಕ್ಷೆ ಮಾಡಿಸಿ. ಎರ್ಲಿಕಿಯಾಗೆ ಡಾಕ್ಸಿಸೈಕ್ಲಿನ್ ಎಂಬ ಆ್ಯಂಟಿಬಯಾಟಿಕ್ ಸಾಮಾನ್ಯವಾಗಿ 28 ದಿನ. ಚೇತರಿಸಿತೆಂದು ನಡುವೆ ನಿಲ್ಲಿಸಬೇಡಿ.