ಹೊಸ ನಾಟಕಕ್ಕೆ ಮೂರು ಸಂಜೆ: ಸಂಪಾದಕರ ಉತ್ತರ

ಮಾನ್ಯರೇ,

ಮಡಿಕೇರಿಯ ಪುಟ್ಟ ರಂಗತಂಡವೊಂದು ಈ ಋತುವಿನಲ್ಲಿ ಆಡಿದ ನಾಲ್ಕು ಹೊಸ ನಾಟಕಗಳ ಬಗ್ಗೆ ಕಳೆದ ಸಂಚಿಕೆಯಲ್ಲಿ ನಾವು ಪ್ರಕಟಿಸಿದ ಲೇಖನವನ್ನು ಓದಿ, ತಾವು ವಿರಾಜಪೇಟೆಯಿಂದ ಬರೆದ ಪತ್ರ ತಲುಪಿದೆ. ನಾಲ್ಕರಲ್ಲಿ ಮೂರನ್ನು ತಾವು ಮೊದಲ ದಿನವೇ ನೋಡಿದ್ದೀರಿ. ಒಂದು ಅರ್ಥವಾಗಲಿಲ್ಲ, ಇನ್ನೊಂದರಲ್ಲಿ ಮಳೆಯ ಸದ್ದಿಗೆ ಮಾತೇ ಕೇಳಿಸಲಿಲ್ಲ, ಮತ್ತೊಂದರಲ್ಲಿ ನಾಲ್ಕು ಭಾಷೆಗಳ ಕಲಸುಮೇಲೋಗರ ಎಂದಿದ್ದೀರಿ. ಪ್ರಯೋಗವೆಂಬ ಹೆಸರಿನಲ್ಲಿ ಅರೆಬೆಂದದ್ದನ್ನು ಬಡಿಸಿದರೆ ಪತ್ರಿಕೆಯೂ ಅದನ್ನು ಹೊಗಳಬೇಕೇ ಎಂದು ಕೇಳಿದ್ದೀರಿ.

ಮೊದಲು ಒಪ್ಪಬೇಕಾದದ್ದನ್ನು ಒಪ್ಪುತ್ತೇನೆ. ತಮಗೆ ಅರ್ಥವಾಗದ ಎರಡನೆಯ ನಾಟಕದ ವಿಷಯದಲ್ಲಿ ನಮ್ಮ ವಿಮರ್ಶಕರು ಅಗತ್ಯಕ್ಕಿಂತ ಮೃದುವಾದರು, ನಾನೂ ಅದನ್ನು ತಿದ್ದಲಿಲ್ಲ. ನಟರು ಅಷ್ಟು ಹೊತ್ತು ಪ್ರೇಕ್ಷಕರಿಗೆ ಬೆನ್ನು ಹಾಕಿ ನಿಂತದ್ದಕ್ಕೆ ನಾಟಕದೊಳಗೆ ಯಾವ ಕಾರಣವೂ ಇರಲಿಲ್ಲ. ಬೇರೆಲ್ಲೋ ಕಂಡು ಮೆಚ್ಚಿದ್ದನ್ನು ಎತ್ತಿ ತಂದು ಇಟ್ಟಂತಿತ್ತು. ಹೊಸದಾಗಿ ಕಾಣಬೇಕೆಂಬ ಹಂಬಲವೇ ಬೇರೆ, ಹೊಸದೇನನ್ನೋ ಹೇಳಬೇಕಾದಾಗ ಹಳೆಯ ರೂಪ ಸಾಲದೆ ಹೋಗುವ ಸಂಕಟವೇ ಬೇರೆ.

ಆದರೆ ‘ಪ್ರಯೋಗ’ ಎಂಬ ಮಾತನ್ನು ತಾವು ಬಳಸಿರುವ ರೀತಿಗೆ ನನ್ನ ತಕರಾರಿದೆ. ನಮ್ಮ ರಂಗಭೂಮಿಯಲ್ಲಿ ನಾಟಕವನ್ನು ಆಡಿ ತೋರಿಸುವುದಕ್ಕೇ ಪ್ರಯೋಗವೆಂದು ಹೆಸರು. ಬರೆದದ್ದು ನಿಲ್ಲುತ್ತದೆಯೋ ಬೀಳುತ್ತದೆಯೋ ಎಂಬುದು ಜನರ ಎದುರಿಗೇ ತಿಳಿಯಬೇಕು, ತಾಲೀಮಿನ ಕೋಣೆಯಲ್ಲಿ ಅಲ್ಲ. ಹತ್ತಾರು ವರ್ಷ ಆಡಿ ಹದಗೊಂಡ ನಾಟಕವನ್ನು ಒಂದೇ ಸಂಜೆಯಲ್ಲಿ ಅಳೆಯಬಹುದು. ಹೊಸ ನಾಟಕಕ್ಕೆ ಅಂಥ ಅನುಕೂಲವಿಲ್ಲ. ಈ ತಂಡ ಪ್ರತಿ ನಾಟಕಕ್ಕೂ ಮೂರು ಸಂಜೆಗಳನ್ನು ಇಟ್ಟುಕೊಂಡದ್ದು ಇದಕ್ಕಾಗಿಯೇ. ಅದನ್ನು ನಮ್ಮ ಲೇಖನದಲ್ಲಿ ಸ್ಪಷ್ಟವಾಗಿ ಹೇಳದಿದ್ದುದು ನಮ್ಮ ಲೋಪ.

ಮೂರಕ್ಕಿಂತ ಹೆಚ್ಚು ಸಂಜೆಗಳು ಅವರಿಗೆ ಏಕೆ ಸಿಗುವುದಿಲ್ಲ ಎಂಬುದನ್ನು ಕೊಡಗಿನವರಾದ ತಮಗೆ ವಿವರಿಸಬೇಕಿಲ್ಲ. ನಟರಲ್ಲಿ ಹೆಚ್ಚಿನವರು ತೋಟದ ಕೆಲಸವನ್ನೇ ನಂಬಿದವರು. ಜೋರು ಮಳೆಯ ತಿಂಗಳುಗಳಲ್ಲಿ ತಾಲೀಮು ನಡೆಯುತ್ತದೆ; ಸೆಪ್ಟೆಂಬರ್ ಮೊದಲಲ್ಲಿ ಆಯುಧಗಳನ್ನು ಪೂಜಿಸುವ ಕೈಲ್ ಮುಹೂರ್ತದ ಹಬ್ಬ ಮುಗಿದರೆ, ಅಕ್ಟೋಬರ್ ನಡುವಿನ ಕಾವೇರಿ ಸಂಕ್ರಮಣದವರೆಗೆ ಆರು ವಾರ. ಆಮೇಲೆ ಹೊಸ ಭತ್ತದ ಸುಗ್ಗಿ ಹಬ್ಬವಾದ ಪುತ್ತರಿ, ಅದರ ಬೆನ್ನಿಗೇ ಕಾಫಿ ಕೊಯ್ಲು. ನಾಲ್ಕು ಹೊಸ ನಾಟಕಗಳು ಹುಟ್ಟಿ, ಎಡವಿ, ಎದ್ದು ನಿಲ್ಲಬೇಕಾದದ್ದು ಈ ಆರು ವಾರಗಳ ಸಂದಿಯಲ್ಲಿ.

ಮಳೆಯ ಸದ್ದಿನಲ್ಲಿ ಮಾತು ಮುಳುಗಿಹೋದದ್ದು ಮೂರನೆಯ ನಾಟಕದಲ್ಲಿ. ತಾವು ನೋಡಿದ ಸಂಜೆ ನಾನೂ ಅಲ್ಲಿದ್ದೆ. ತಗಡಿನ ಸೂರಿನ ಮೇಲೆ ಮಳೆ ಸುರಿದಾಗ ನಟರು ಕಿರುಚಿದರು, ಏನೂ ಕೇಳಿಸಲಿಲ್ಲ, ತಮ್ಮಂತೆಯೇ ನನಗೂ ಬೇಸರವಾಯಿತು. ಮೂರನೆಯ ಸಂಜೆಗೆ ನಾಟಕಕಾರರು ಇಡೀ ದೃಶ್ಯವನ್ನು ಬದಲಿಸಿದ್ದರು. ಮಳೆ ಜೋರಾದರೆ ತಾಯಿ ಮತ್ತು ಮಗ ಮಾತು ನಿಲ್ಲಿಸುತ್ತಾರೆ, ಅದು ಇಳಿಯುವವರೆಗೂ ಒಲೆಯ ಮುಂದೆ ಸುಮ್ಮನೆ ಕೂರುತ್ತಾರೆ, ಇಳಿದ ಮೇಲೆ ಬಿಟ್ಟ ಮಾತಿನಿಂದಲೇ ಮುಂದುವರಿಯುತ್ತಾರೆ. ನಮ್ಮ ಮನೆಗಳಲ್ಲಿ ಜುಲೈ ತಿಂಗಳಿನಲ್ಲಿ ಜನ ಮಾತಾಡುವುದು ಹೀಗೆಯೇ ಅಲ್ಲವೇ? ಅಷ್ಟು ಹೊತ್ತಿನ ಮೌನವನ್ನು ನೂರು ಜನ ಉಸಿರು ಬಿಗಿಹಿಡಿದು ನೋಡಿದ್ದನ್ನು ನಾನು ಕಂಡೆ. ಮೊದಲ ಸಂಜೆ ಕೆಡದೆ ಇದ್ದಿದ್ದರೆ ಈ ದೃಶ್ಯ ಹುಟ್ಟುತ್ತಲೇ ಇರಲಿಲ್ಲ.

ಆ ರಾತ್ರಿ ಮನೆಗೆ ಮರಳುವಾಗ ನನಗೆ ನೆನಪಾದದ್ದು ಅಮೆರಿಕದ ಪ್ರಾವಿನ್ಸ್‌ಟೌನ್ ಎಂಬ ಮೀನುಗಾರರ ಊರು. 1915ರ ಬೇಸಿಗೆಯಲ್ಲಿ ಅಲ್ಲಿ ಕೆಲವು ಸ್ನೇಹಿತರು ಸೇರಿ ತಾವೇ ಬರೆದ ನಾಟಕಗಳನ್ನು ತಾವೇ ಆಡತೊಡಗಿದರು. ರಂಗಮಂದಿರವೆಂದರೆ ಕಡಲಿನೊಳಕ್ಕೆ ಚಾಚಿದ ಕಟ್ಟೆಯ ಮೇಲಿದ್ದ ಹಳೆಯ ಮೀನಿನ ಕೊಠಡಿ. ಮರುವರ್ಷ ಅಲ್ಲಿ ಯೂಜೀನ್ ಓನೀಲ್ ಎಂಬ ತರುಣನ ಮೊದಲ ನಾಟಕ ಪ್ರದರ್ಶನಗೊಂಡಿತು. ಮಂಜು ಕವಿದ ಕಡಲಿನಲ್ಲಿ, ಹಡಗಿನೊಳಗೆ ಸಾಯುತ್ತಿರುವ ನಾವಿಕನ ಕಥೆ ಅದು. ಪ್ರೇಕ್ಷಕರು ಕುಳಿತ ಹಲಗೆಗಳ ಕೆಳಗೆ ನಿಜವಾದ ಉಬ್ಬರದ ನೀರು ಅಪ್ಪಳಿಸುತ್ತಿತ್ತು. ಓನೀಲ್‌ಗೆ 1936ರಲ್ಲಿ ನೊಬೆಲ್ ಬಹುಮಾನ ಬಂದದ್ದು ಎಲ್ಲರಿಗೂ ಗೊತ್ತು. ಆದರೆ ಆ ತಂಡ 1922ರವರೆಗೆ ಆಡಿದ 90ಕ್ಕೂ ಹೆಚ್ಚು ನಾಟಕಗಳಲ್ಲಿ ಬಹುಪಾಲನ್ನು ಇಂದು ಯಾರೂ ಆಡುವುದಿಲ್ಲ. ಅವನ್ನೂ ಯಾರೋ ಕುಳಿತು ನೋಡಿದ್ದರಿಂದಲೇ ಆ ತಂಡ ಉಳಿಯಿತು.

ಇನ್ನು ಕಲಸುಮೇಲೋಗರದ ಮಾತು. ನಾಲ್ಕನೆಯ ನಾಟಕದಲ್ಲಿ ಕೊಡವರ ಭಾಷೆಯಾದ ಕೊಡವ ತಕ್ಕ್, ಅರೆಭಾಷೆ, ಆದಿವಾಸಿ ಯರವರ ಮಾತು ಮತ್ತು ಕನ್ನಡ ಒಟ್ಟಿಗೆ ಬಂದದ್ದು ತಮಗೆ ಹಿಡಿಸಲಿಲ್ಲ. ಮಡಿಕೇರಿಯ ಶುಕ್ರವಾರದ ಸಂತೆಯಲ್ಲಿ ಒಂದು ಗಂಟೆ ನಿಂತರೆ ಕೇಳಿಸುವುದು ಇದೇ. ಹರದಾಸ ಅಪ್ಪಚ್ಚಕವಿ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಕೊಡವ ತಕ್ಕಿನಲ್ಲಿ ನಾಟಕ ಬರೆದಾಗ, ಆ ಭಾಷೆಗೆ ನಾಟಕವೇ ಹೊಸದು. ಇಂದು ಅವರನ್ನು ಪರಂಪರೆಯೆಂದು ಗೌರವಿಸುವ ನಾವು, ಯರವ ಹುಡುಗಿಯೊಬ್ಬಳು ತನ್ನ ಮಾತಿನಲ್ಲೇ ರಂಗದ ಮೇಲೆ ನಗುವಾಗ ಎದ್ದು ಹೋಗುವುದು ನನಗೆ ನೋವಿನ ಸಂಗತಿ. ಅವಳ ಮಾತಿನ ಅರ್ಥ ನನಗೂ ಪೂರ್ತಿ ಆಗಲಿಲ್ಲ. ಅವಳು ಯಾರ ಮೇಲೆ ಸಿಟ್ಟಾಗಿದ್ದಾಳೆ ಎಂಬುದು ಮಾತ್ರ ಚೆನ್ನಾಗಿ ತಿಳಿಯಿತು.

ಬೆನ್ನು ಹಾಕಿ ನಿಂತ ನಟರ ಬಗ್ಗೆ ತಾವು ಬರೆದ ಭಾಗವನ್ನು, ತಮ್ಮ ಹೆಸರು ಕಾಣದಂತೆ, ತಂಡದ ನಿರ್ದೇಶಕರಿಗೆ ಕಳುಹಿಸಿದ್ದೇನೆ. ಅದನ್ನು ತಾಲೀಮಿನಲ್ಲಿ ಎಲ್ಲರೆದುರು ಓದಿದರಂತೆ. ಮೂರನೆಯ ನಾಟಕವನ್ನು ಕೊಯ್ಲು ಮುಗಿದ ಮೇಲೆ ಗೋಣಿಕೊಪ್ಪದಲ್ಲಿ ಮತ್ತೆ ಆಡುತ್ತಾರೆ. ತಾವು ಹೋಗಿ ನೋಡಿ ಬರೆದರೆ, ಮೆಚ್ಚುಗೆಯೇ ಇರಲಿ ಆಕ್ಷೇಪವೇ ಇರಲಿ, ವಿಮರ್ಶೆಯ ಪುಟದಲ್ಲಿಯೇ ಅದನ್ನು ಪ್ರಕಟಿಸುತ್ತೇವೆ.

— ಸಂಪಾದಕ