ಸಂಪಾದಕರ ಉತ್ತರ: ‘ಡಾ.’ ಎಂಬ ಒಂದಕ್ಷರ

(ಡೊಂಬಿವಲಿಯ ಹಿರಿಯ ಓದುಗರೊಬ್ಬರ ಪತ್ರ: ಮಾಟುಂಗದಲ್ಲಿ ನಡೆದ ಸಮಾರಂಭದ ವರದಿಯಲ್ಲಿ ಕನ್ನಡದ ಅಧ್ಯಾಪಕಿಯೊಬ್ಬರಿಗೂ, ಸಂಸ್ಥೆಯೊಂದರಿಂದ ಗೌರವ ಡಾಕ್ಟರೇಟ್ ಪಡೆದ ಹೋಟೆಲ್ ಉದ್ಯಮಿಗೂ ‘ಡಾ.’ ಸೇರಿಸಿದ್ದೀರಿ. ಮದ್ದು ಕೊಡುವವರಿಗೆ ಮಾತ್ರ ಸಲ್ಲಬೇಕಾದ ಪದವನ್ನು ಹೀಗೆ ಹಂಚಬಹುದೆ?)

ಮಾನ್ಯರೇ,

ತಮ್ಮ ಆಕ್ಷೇಪದ ಅರ್ಧವನ್ನು ಒಪ್ಪುತ್ತೇನೆ, ಉಳಿದರ್ಧವನ್ನು ಒಪ್ಪಲಾರೆ.

‘ಡಾಕ್ಟರ್’ ಎಂಬುದು ‘ಕಲಿಸು’ ಎಂಬರ್ಥದ ಲ್ಯಾಟಿನ್ ಧಾತುವಿನಿಂದ ಬಂದ ಪದ. ಮಧ್ಯಯುಗದ ಯುರೋಪಿನ ವಿಶ್ವವಿದ್ಯಾಲಯಗಳಲ್ಲಿ ಧರ್ಮಶಾಸ್ತ್ರ, ನ್ಯಾಯಶಾಸ್ತ್ರ, ವೈದ್ಯಶಾಸ್ತ್ರಗಳನ್ನು ಬೋಧಿಸುವ ಅರ್ಹತೆ ಪಡೆದವರೆಲ್ಲ ಡಾಕ್ಟರರೇ ಆಗಿದ್ದರು. ಜನರಿಗೆ ನಿತ್ಯ ಬೇಕಾದವರು ವೈದ್ಯರಾದ್ದರಿಂದ ಪದ ಕ್ರಮೇಣ ಅವರಿಗೇ ಅಂಟಿಕೊಂಡಿತು. ನಮ್ಮ ಎಂ.ಬಿ.ಬಿ.ಎಸ್. ಪದವಿಯನ್ನು ಬಿಡಿಸಿ ಓದಿದರೆ ಅದರಲ್ಲಿ ಎರಡು ಬಾರಿ ‘ಬ್ಯಾಚುಲರ್’ ಇದೆ, ‘ಡಾಕ್ಟರ್’ ಒಮ್ಮೆಯೂ ಇಲ್ಲ. ವೈದ್ಯರ ‘ಡಾ.’ ಸಮಾಜ ಸಲ್ಲಿಸಿದ ಮರ್ಯಾದೆ. ಅದನ್ನು ಕಿತ್ತುಕೊಳ್ಳುವ ಉದ್ದೇಶ ನನಗಿಲ್ಲ. ಇಂಗ್ಲೆಂಡಿನ ಶಸ್ತ್ರವೈದ್ಯರಾದರೋ ಇಂದಿಗೂ ‘ಮಿಸ್ಟರ್’ ಎನಿಸಿಕೊಳ್ಳುತ್ತಾರೆ. ಕ್ಷೌರಿಕರೊಡನೆ ಒಂದೇ ಸಂಘದಲ್ಲಿದ್ದ ಅವರು 1745ರಲ್ಲಿ ಬೇರೆಯಾದರೂ ಹಳೆಯ ಸಂಬೋಧನೆಯನ್ನು ಬಿಡಲಿಲ್ಲ. ಗೋವೆಯನ್ನು ಆಳಿದ ಪೋರ್ಚುಗೀಸರ ನಾಡಿನಲ್ಲಂತೂ ಸಾಮಾನ್ಯ ಪದವೀಧರರನ್ನೂ ‘ದೊತೋರ್’ ಎನ್ನುವ ವಾಡಿಕೆಯಿದೆ.

ಮುಂಬಯಿಯಲ್ಲಿರುವ ನಮಗೆ ಅಷ್ಟು ದೂರದ ನಿದರ್ಶನ ಬೇಕಿಲ್ಲ. ಡಿಸೆಂಬರ್ 6ರಂದು ದಾದರಿನ ಚೈತ್ಯಭೂಮಿಯಲ್ಲಿ ನೆರೆಯುವ ಲಕ್ಷಾಂತರ ಜನ ‘ಡಾ. ಬಾಬಾಸಾಹೇಬ’ ಎನ್ನುವಾಗ ಯಾರಿಗೂ ಸ್ಟೆತೊಸ್ಕೋಪ್ ನೆನಪಾಗುವುದಿಲ್ಲ. 1923ರಲ್ಲಿ ಲಂಡನ್ನಿನ ಡಿ.ಎಸ್‌ಸಿ., 1927ರಲ್ಲಿ ಕೊಲಂಬಿಯಾದ ಪಿಎಚ್.ಡಿ., ಎರಡನ್ನೂ ಅಂಬೇಡ್ಕರರು ಓದಿ ಗಳಿಸಿದರು. ಗೌರವ ಪದವಿ ಅವರನ್ನು ಹುಡುಕಿಕೊಂಡು ಬಂದದ್ದು 1952ರಲ್ಲಿ. ಕಾಲೇಜಿನ ಕೆಲಸ ಮುಗಿಸಿ, ಲೋಕಲ್ ರೈಲಿನಲ್ಲಿ ಜೋತಾಡಿಕೊಂಡು ಮನೆ ಸೇರಿ, ರಾತ್ರಿ ಮಹಾಪ್ರಬಂಧ ಬರೆದ ನಮ್ಮ ಅಧ್ಯಾಪಕಿಯ ‘ಡಾ.’ ಕೂಡ ಓದಿ ಗಳಿಸಿದ್ದೇ. ಅದು ಹಾಗೆಯೇ ಉಳಿಯುತ್ತದೆ.

ಉದ್ಯಮಿಗಳ ವಿಷಯದಲ್ಲಿ ತಪ್ಪು ನಮ್ಮದು. 1956ರ ಯು.ಜಿ.ಸಿ. (ವಿಶ್ವವಿದ್ಯಾಲಯ ಅನುದಾನ ಆಯೋಗ) ಕಾಯಿದೆಯ 22ನೆಯ ಕಲಮಿನಂತೆ ಪದವಿ ನೀಡುವ ಅಧಿಕಾರವಿರುವುದು ಕಾನೂನುಬದ್ಧ ವಿಶ್ವವಿದ್ಯಾಲಯಗಳಿಗೆ ಮತ್ತು ಸಂಸತ್ತು ಆ ಅಧಿಕಾರ ಕೊಟ್ಟ ಸಂಸ್ಥೆಗಳಿಗೆ ಮಾತ್ರ. ಸಭಾಗೃಹ ಬಾಡಿಗೆಗೆ ಹಿಡಿದು ಶಾಲು, ಪೇಟ, ಫಲಕಗಳೊಡನೆ ಹಂಚುವ ‘ಡಾಕ್ಟರೇಟ್’ ಆ ಲೆಕ್ಕಕ್ಕೆ ಬರದು. (ಉಲ್ಲಂಘನೆಗೆ ಆ ಕಾಯಿದೆ ಬರೆದಾಗ ಇಟ್ಟ ದಂಡ ಹೆಚ್ಚೆಂದರೆ 1,000 ರೂಪಾಯಿ; ಇಂದು ಅಷ್ಟಕ್ಕೆ ಒಳ್ಳೆಯ ಶಾಲೂ ಸಿಗುವುದು ಕಷ್ಟ.) ವಿಶ್ವವಿದ್ಯಾಲಯವೇ ನೀಡಿದ ಗೌರವ ಡಾಕ್ಟರೇಟನ್ನು ಸುದ್ದಿಯಲ್ಲಿ ಒಮ್ಮೆ ಹೇಳುತ್ತೇವೆ, ಹೆಸರಿಗೆ ಸೇರಿಸುವುದಿಲ್ಲ. ಇದಕ್ಕೆ ಒಂದು ಅಪವಾದವುಂಟು: ಮೈಸೂರು ವಿಶ್ವವಿದ್ಯಾಲಯ 1976ರಲ್ಲಿ ಕೊಟ್ಟದ್ದನ್ನು ಕನ್ನಡಿಗರು ರಾಜಕುಮಾರರ ಹೆಸರಿಗೆ ಹೊಲಿದೇ ಬಿಟ್ಟರು, ಆ ಹೊಲಿಗೆ ಬಿಚ್ಚುವ ಧೈರ್ಯ ಈ ಸಂಪಾದಕನಿಗಿಲ್ಲ.

ಮುಂದಿನ ಸಂಚಿಕೆಯಲ್ಲಿ ತಿದ್ದುಪಡಿ ಪ್ರಕಟವಾಗುತ್ತದೆ. ಅದಕ್ಕೆ ಮೊದಲು ಉದ್ಯಮಿಗಳಿಗೆ ಫೋನ್ ಮಾಡಿ ವಿಷಯ ತಿಳಿಸಬೇಕಾಗಿದೆ. ಹಿಂಬದಿಯ ರಕ್ಷಾಪುಟದ ಜಾಹೀರಾತು ಕೊಡುವವರೂ ಅವರೇ.