ಹತ್ತು ಜನ ಒಂದೇ ದಿನ ಬೇಡ

ಪ್ರಶ್ನೆ: ನಮ್ಮ ಮೂರು ವರ್ಷದ ಮಗಳಿಗೆ ಲ್ಯುಕೇಮಿಯಾ (ರಕ್ತದ ಕ್ಯಾನ್ಸರ್). ತೂಕ 12 ಕೆ.ಜಿ. ಕೀಮೋ ಆದ ಮೇಲೆ ಪ್ಲೇಟ್‌ಲೆಟ್ (ರಕ್ತ ಹೆಪ್ಪುಗಟ್ಟಲು ಬೇಕಾದ ಪುಟ್ಟ ಕಣಗಳು) ಹಾಕಿಸಬೇಕಾಗುತ್ತದೆ. ಬಂಧುಗಳು ಹತ್ತು ಜನ ಕೊಡಲು ತಯಾರಿದ್ದಾರೆ. ಎಲ್ಲರಿಂದ ಒಂದೇ ದಿನ ತೆಗೆದು ಫ್ರಿಜ್‌ನಲ್ಲಿ ಇಡಬಹುದಲ್ಲವೇ? ಬ್ಲಡ್ ಬ್ಯಾಂಕಿನವರು ಆಗುವುದಿಲ್ಲ ಎನ್ನುತ್ತಾರೆ. ಮೊನ್ನೆ ದೊಡ್ಡ ಬ್ಯಾಗಿನಲ್ಲಿ ಅರ್ಧ ಮಾತ್ರ ಕೊಟ್ಟರು. ಅದೇಕೆ?

ಉತ್ತರ: ಅವರು ಹೇಳಿದ್ದು ಸರಿ. ಬ್ಲಡ್ ಬ್ಯಾಂಕಿನಲ್ಲಿ ಕೆಲಸ ಮಾಡುವಾಗ ಈ ಮಾತಿಗೆ ಸಿಟ್ಟಾದ ಅಪ್ಪಂದಿರನ್ನು ತುಂಬಾ ನೋಡಿದ್ದೇನೆ. ಸಿಟ್ಟು ಸಹಜವೇ. ಫ್ರಿಜ್‌ನಲ್ಲಿ ಕೆಂಪು ರಕ್ತ ಐದಾರು ವಾರ ಉಳಿಯುವಾಗ ಇದೇಕೆ ಉಳಿಯುವುದಿಲ್ಲ ಅಂತ ಅನ್ನಿಸುತ್ತದೆ.

ಪ್ಲೇಟ್‌ಲೆಟ್‌ಗೆ ಚಳಿ ಆಗಿಬರುವುದಿಲ್ಲ. ಫ್ರಿಜ್‌ನಲ್ಲಿಟ್ಟರೆ ಚಪ್ಪಟೆಯಾಗಿದ್ದ ಕಣ ಮುಳ್ಳುಮುಳ್ಳಾಗುತ್ತದೆ, ಅದರ ಮೇಲ್ಮೈ ಬದಲಾಗುತ್ತದೆ. ಮೈಗೆ ಹೋದ ಮೇಲೆ ಲಿವರ್ ಅದನ್ನು ಬೇಗ ಎತ್ತಿಹಾಕಿಬಿಡುತ್ತದೆ. ಇದು 1969ರಿಂದಲೇ ಗೊತ್ತಿರುವ ವಿಷಯ. ಹಾಗಾಗಿ ಅದನ್ನು 20ರಿಂದ 24 ಡಿಗ್ರಿಯಲ್ಲಿ, ಅಜಿಟೇಟರ್ ಮೇಲೆ ಹಗಲೂ ರಾತ್ರಿ ಮೆಲ್ಲಗೆ ಅಲ್ಲಾಡಿಸುತ್ತಾ ಇಡುತ್ತಾರೆ. ಬ್ಯಾಗಿನ ಪ್ಲಾಸ್ಟಿಕ್ ಕೂಡ ಬೇರೆ ಥರದ್ದು, ಗಾಳಿ ಒಳಗೆ ಹೊರಗೆ ಆಡುತ್ತದೆ. ಕಣಗಳು ಜೀವಂತ, ಅವಕ್ಕೆ ಆಮ್ಲಜನಕ ಬೇಕು. ಅಲ್ಲಾಡಿಸದೆ ಬಿಟ್ಟರೆ ಒಳಗೆ ಆಮ್ಲ ಹೆಚ್ಚಿ ಕೆಡುತ್ತವೆ.

ತೊಂದರೆ ಏನೆಂದರೆ, ಅದೇ ಬೆಚ್ಚಗೆ ಬ್ಯಾಕ್ಟೀರಿಯಾಕ್ಕೂ ಇಷ್ಟ. ದಾನಿಯ ಚರ್ಮದಿಂದ ಒಂದೆರಡು ಒಳಗೆ ಸೇರಿದರೂ ದಿನ ಕಳೆದಂತೆ ಬೆಳೆಯುತ್ತವೆ. ಅದಕ್ಕೇ ಸೂಜಿ ಚುಚ್ಚಿದಾಗ ಮೊದಲು ಬರುವ ರಕ್ತವನ್ನು ಪುಟ್ಟ ಬೇರೆ ಚೀಲಕ್ಕೆ ಬಿಡುವುದು. ಅಷ್ಟು ಮಾಡಿಯೂ ಸಾಮಾನ್ಯವಾಗಿ ಐದೇ ದಿನ. ಬ್ಯಾಕ್ಟೀರಿಯಾ ಪರೀಕ್ಷೆ ಮಾಡುವ ಕಡೆ ಏಳು ದಿನದವರೆಗೂ ಇಡುತ್ತಾರೆ. ಹತ್ತು ಜನರದ್ದು ಇವತ್ತೇ ತೆಗೆದರೆ, ಮುಂದಿನ ವಾರ ಮಗುವಿಗೆ ಬೇಕಾದಾಗ ಒಂದೂ ಉಳಿದಿರುವುದಿಲ್ಲ. ಆಸ್ಪತ್ರೆಯವರು ಕೇಳಿದ ದಿನ ಒಬ್ಬೊಬ್ಬರಾಗಿ ಬರಲಿ. ಬರುವ ಮೂರು ದಿನ ಮುಂಚೆಯಿಂದ ಆಸ್ಪಿರಿನ್ ಬೇಡ ಅಂತಲೂ ಹೇಳಿ.

ಇನ್ನು ಅರ್ಧ ಬ್ಯಾಗಿನ ವಿಚಾರ. ಯಂತ್ರದಲ್ಲಿ ಒಬ್ಬ ದಾನಿಯಿಂದ ಪ್ಲೇಟ್‌ಲೆಟ್ ಮಾತ್ರ ತೆಗೆದು ಉಳಿದ ರಕ್ತವನ್ನು ಅವರಿಗೇ ವಾಪಸ್ ಬಿಡುತ್ತಾರೆ. ಹಾಗೆ ಸಿಗುವ ಬ್ಯಾಗ್ ಸುಮಾರು 200ರಿಂದ 300 ಮಿ.ಲೀ., ಅದು ದೊಡ್ಡವರ ಅಳತೆ. ಮಗುವಿಗೆ ತೂಕದ ಲೆಕ್ಕ, ಕೆ.ಜಿ.ಗೆ 10 ಮಿ.ಲೀ. ಆಸುಪಾಸು. ನಿಮ್ಮ ಮಗಳಿಗೆ 120 ಸಾಕು. ಜಾಸ್ತಿ ಹಾಕಿದರೆ ಹೃದಯಕ್ಕೂ ಶ್ವಾಸಕೋಶಕ್ಕೂ ಭಾರ. ಬ್ಲಡ್ ಬ್ಯಾಂಕಿನಲ್ಲೇ, ಬ್ಯಾಗ್ ತೆರೆಯದೆ ಚಿಕ್ಕ ಚೀಲಗಳಿಗೆ ಹಂಚಿದ್ದರೆ ಉಳಿದರ್ಧ ಇನ್ನೊಂದು ಮಗುವಿಗೋ, ಎರಡು ದಿನ ಬಿಟ್ಟು ನಿಮ್ಮ ಮಗಳಿಗೋ ಆಗುತ್ತದೆ. ಆಗ ಅವಳು ಇನ್ನೊಬ್ಬ ದಾನಿಯ ರಕ್ತಕ್ಕೆ ಒಡ್ಡಿಕೊಳ್ಳುವುದೂ ತಪ್ಪುತ್ತದೆ. ವಾರ್ಡಿನಲ್ಲಿ ಸೆಟ್ (ರಕ್ತ ಹಾಕುವ ನಳಿಕೆ) ಚುಚ್ಚಿದ ಬ್ಯಾಗ್ ಆಗಿದ್ದರೆ ಮಿಕ್ಕದ್ದನ್ನು ಎಸೆಯಲೇಬೇಕು.

ನೀವು ಕೇಳದಿದ್ದರೂ ಒಂದು ಮಾತು. ದಾನಿಗಳು ಬಂಧುಗಳು ಎಂದಿರಿ. ರಕ್ತಸಂಬಂಧಿಗಳದ್ದಾದರೆ ಬ್ಯಾಗಿಗೆ ವಿಕಿರಣ ಕೊಟ್ಟೇ ಹಾಕಬೇಕು. ಇಲ್ಲದಿದ್ದರೆ ಅದರಲ್ಲಿರುವ ಬಿಳಿ ಕಣಗಳು ಮಗುವಿನ ಮೈಯಲ್ಲಿ ನೆಲೆಯೂರಿ ಅವಳ ಮೇಲೇ ತಿರುಗಿ ಬೀಳುವ ಅಪಾಯ ಇದೆ. ಅಪರೂಪ, ಆದರೆ ಬಂದರೆ ಪ್ರಾಣಕ್ಕೇ ಕುತ್ತು. ಮುಂದೆ ಮನೆಯವರಿಂದ ಮಜ್ಜೆ ಕಸಿ ಮಾಡುವ ಸಾಧ್ಯತೆ ಇದ್ದರಂತೂ ಅಪ್ಪ, ಅಮ್ಮ, ಒಡಹುಟ್ಟಿದವರು ಈಗ ಕೊಡದಿರುವುದೇ ಒಳ್ಳೆಯದು. ಸ್ನೇಹಿತರನ್ನು ಕೇಳಿ. ಡಾಕ್ಟರ ಹತ್ತಿರ ಇದನ್ನು ಮೊದಲೇ ಮಾತಾಡಿ.

ಪ್ರಶ್ನೆ: ಹಾಕುವ ಮುಂಚೆ ನರ್ಸ್ ಬ್ಯಾಗನ್ನು ಬೆಳಕಿಗೆ ಹಿಡಿದು ಅಲ್ಲಾಡಿಸಿದರು. ಯಾಕೆ?

ಉತ್ತರ: ಒಳ್ಳೆಯ ನರ್ಸ್! ಚೆನ್ನಾಗಿರುವ ಪ್ಲೇಟ್‌ಲೆಟ್ ಅಲ್ಲಾಡಿಸಿದರೆ ರೇಷ್ಮೆಯ ಹಾಗೆ ಮಿನುಗುತ್ತಾ ಸುಳಿಯುತ್ತದೆ. ಸುಳಿ ಕಾಣದಿದ್ದರೆ, ಗಂಟು ಕಂಡರೆ, ಬಣ್ಣ ಬೇರೆ ಅನ್ನಿಸಿದರೆ ಬ್ಯಾಗ್ ವಾಪಸ್ ಹೋಗಬೇಕು.